ಶಾಲು ಹೊದಿಸುವ ಮುನ್ನ ಪ್ರಶ್ನೆ ಕೇಳಬೇಕಿತ್ತು



ಉತ್ತರ ಮಧ್ಯ ಮುಂಬಯಿ ಲೋಕಸಭಾ ಕ್ಷೇತ್ರದ 2024ರ ಫಲಿತಾಂಶ ಬಂದಾಗ ಸಾಂತಾಕ್ರೂಜ್, ಕಲೀನಾ, ವಾಕೋಲಾದ ತುಳು-ಕನ್ನಡಿಗರ ನಡುವೆ ಯಾರು ಯಾರಿಗೆ ಮತ ಹಾಕಿದರೆಂಬ ಲೆಕ್ಕಾಚಾರವೇ ನಡೆದಿತ್ತು. ಕಾಂಗ್ರೆಸ್ಸಿನ ವರ್ಷಾ ಗಾಯಕ್ವಾಡ್ ಅವರು ಬಿಜೆಪಿಯ ಉಜ್ವಲ್ ನಿಕಮ್ ಅವರನ್ನು 16,514 ಮತಗಳಿಂದ ಸೋಲಿಸಿದರು. ನನ್ನ ತಕರಾರು ಗೆದ್ದವರ ಮೇಲೂ ಅಲ್ಲ, ಸೋತವರ ಮೇಲೂ ಅಲ್ಲ. ಪ್ರಚಾರದ ದಿನಗಳಲ್ಲಿ ನಮ್ಮ ಸಂಘ-ಸಂಸ್ಥೆಗಳು ನಡೆದುಕೊಂಡ ರೀತಿಯ ಬಗ್ಗೆ ನನಗೆ ಬೇಸರವಿದೆ.

ಈ ಬಾರಿ ಕೇಳಲೇಬೇಕಾದ ಪ್ರಶ್ನೆಗಳು ಹಿಂದಿಗಿಂತ ಹೆಚ್ಚಿದ್ದವು. ಹತ್ತು ವರ್ಷ ಸಂಸದೆಯಾಗಿದ್ದ ಪೂನಂ ಮಹಾಜನ್ ಅವರಿಗೆ ಬಿಜೆಪಿ ಟಿಕೆಟ್ ಕೊಡಲಿಲ್ಲ. ಹಾಗಾಗಿ ಆ ಹತ್ತು ವರ್ಷಗಳ ಲೆಕ್ಕ ಒಪ್ಪಿಸಲು ಕಣದಲ್ಲಿ ಯಾರೂ ಉಳಿಯಲಿಲ್ಲ. ಮೇ 20ಕ್ಕೆ ಮತದಾನ. ಇಬ್ಬರು ಅಭ್ಯರ್ಥಿಗಳ ಹೆಸರೂ ಪ್ರಕಟವಾದದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಒಬ್ಬರು ಆಗ ಧಾರಾವಿಯ ಶಾಸಕಿ, ಇನ್ನೊಬ್ಬರು ವಕೀಲರಾಗಿ ಹೆಸರು ಮಾಡಿ ಮೊದಲ ಬಾರಿ ಚುನಾವಣೆಗೆ ನಿಂತವರು. ಕ್ಷೇತ್ರವನ್ನು ಅರಿಯಲು ಇಬ್ಬರಿಗೂ ಸಿಕ್ಕಿದ್ದು ಮೂರು-ನಾಲ್ಕು ವಾರ. ಅದರಲ್ಲೂ ಎಷ್ಟೋ ದಿನಗಳನ್ನು 2008ರ 26/11ರ ಮುಂಬಯಿ ದಾಳಿಯಲ್ಲಿ ಹುತಾತ್ಮರಾದ ಪೊಲೀಸ್ ಅಧಿಕಾರಿ ಹೇಮಂತ ಕರ್ಕರೆ ಅವರ ಸಾವಿನ ಕುರಿತ ವಾಗ್ವಾದ ನುಂಗಿತು.

ಇಂಥ ಹೊತ್ತಿನಲ್ಲಿ ನಾವು ಮಾಡಿದ್ದೇನು? ಸಭೆ ಕರೆದೆವು, ಹಾರ ಹಾಕಿದೆವು, ಶಾಲು ಹೊದಿಸಿದೆವು, ನೆನಪಿನ ಕಾಣಿಕೆ ಕೊಟ್ಟೆವು. ವೇದಿಕೆಯಿಂದ ತುಳುವಿನಲ್ಲೋ ಕನ್ನಡದಲ್ಲೋ ಎರಡು ಮಾತು ಬಂದರೆ ಚಪ್ಪಾಳೆ ತಟ್ಟಿದೆವು. ತುಳು-ಕನ್ನಡಿಗರು ಶ್ರಮಜೀವಿಗಳು, ಹೋಟೆಲು-ಬ್ಯಾಂಕು ಕಟ್ಟಿದವರು ಎಂಬ ಹೊಗಳಿಕೆ ಕೇಳಿ ಊಟಕ್ಕೆ ಎದ್ದೆವು. ನಾನು ಕುಳಿತ ಸಭೆಗಳಲ್ಲಿ ಪ್ರಶ್ನೋತ್ತರಕ್ಕೆ ಸಮಯವನ್ನೇ ಇಟ್ಟಿರಲಿಲ್ಲ. ಆದರೂ ಎದ್ದು ನಿಂತ ಒಬ್ಬಿಬ್ಬರು ಕೇಳಿದ್ದು ಗಟಾರ, ನಲ್ಲಿನೀರು, ಪಾರ್ಕಿಂಗ್ ಬಗ್ಗೆ. ಅವರನ್ನು ದೂರಲಾರೆ. 2022ರ ಮಾರ್ಚ್‌ನಿಂದ ಮಹಾನಗರ ಪಾಲಿಕೆಯಲ್ಲಿ ಆಗ ಚುನಾಯಿತ ನಗರಸೇವಕರೇ ಇರಲಿಲ್ಲ, ಆಡಳಿತಾಧಿಕಾರಿಯ ಕಾರುಬಾರು ನಡೆದಿತ್ತು. ವಾರ್ಡಿನ ದೂರನ್ನು ಜನ ಯಾರ ಬಳಿ ಒಯ್ಯಬೇಕಿತ್ತು? ಆದರೆ ಮಾತು ವಾರ್ಡಿನ ದೂರುಗಳಲ್ಲೇ ಉಳಿದದ್ದರಿಂದ ಸಂಸದರೇ ಮಾಡಬಲ್ಲ ಕೆಲಸಗಳ ಮಾತು ಬರಲೇ ಇಲ್ಲ.

ಅಂಥ ಕೆಲಸಗಳು ನಮ್ಮಲ್ಲಿ ಬೇಕಾದಷ್ಟಿವೆ.

ಮೊದಲನೆಯದು ಮುಂಬಯಿ ವಿಮಾನ ನಿಲ್ದಾಣದ ಭೂಮಿ. ನಿಲ್ದಾಣದ ನಿರ್ವಹಣೆ ಖಾಸಗಿ ಕಂಪನಿಯದಾದರೂ ಭೂಮಿ ಕೇಂದ್ರ ಸರಕಾರದ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಅದರ ಅಂಚಿನ ಜೋಪಡಪಟ್ಟಿಗಳಲ್ಲಿ ಸಾವಿರಾರು ಕುಟುಂಬಗಳು ದಶಕಗಳಿಂದ ಪುನರ್ವಸತಿಗೆ ಕಾಯುತ್ತಿವೆ. 2007ರಲ್ಲಿ ಎಚ್‌ಡಿಐಎಲ್ ಕಂಪನಿಗೆ ಕೊಟ್ಟ ಪುನರ್ವಸತಿಯ ಗುತ್ತಿಗೆ ರದ್ದಾಯಿತು. ಜನ ಇದ್ದಲ್ಲೇ ಇದ್ದಾರೆ. ವಿಮಾನಗಳು ಇಳಿಯುವ ದಾರಿಯ ಕೆಳಗಿನ ‘ಫನೆಲ್ ಝೋನ್’ ಕಟ್ಟಡಗಳ ಪಾಡು ಬೇರೆ. ಎತ್ತರಕ್ಕೆ ಮಿತಿ ಇರುವುದರಿಂದ ಬಿಲ್ಡರುಗಳು ಮುಂದೆ ಬರುವುದಿಲ್ಲ, ಹಳೆಯ ಸೊಸೈಟಿಗಳು ಶಿಥಿಲವಾಗುತ್ತಿವೆ. ವಿಮಾನಗಳ ಸುರಕ್ಷತೆಯಲ್ಲಿ ರಾಜಿ ಸಲ್ಲದು. ಹಾಗಾದರೆ ಈ ನಿವಾಸಿಗಳಿಗೆ ಪರ್ಯಾಯವೇನು? ಕೇಳಬೇಕಾದ ಜಾಗ ದಿಲ್ಲಿಯ ನಾಗರಿಕ ವಿಮಾನಯಾನ ಸಚಿವಾಲಯ.

ಎರಡನೆಯದು ನೆರೆ. 2005ರ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ದಾಖಲಾಯಿತು. ಕಲೀನಾ, ಕುರ್ಲಾದ ಮನೆಗಳು ಮುಳುಗಿದ್ದನ್ನು ಕಂಡವರು ಮರೆತಿಲ್ಲ. ಕಾಲುವೆಯ ಹೂಳೆತ್ತುವುದು ಪಾಲಿಕೆಯ ಕೆಲಸ, ನಿಜ. ಆದರೆ ರನ್‌ವೇಗಾಗಿ ಮೀಠಿ ನದಿಯ ದಾರಿಯನ್ನೇ ತಿರುಗಿಸಿದ ಜಾಗ ಕೇಂದ್ರದ ಕೈಯಲ್ಲಿದೆ. ಅಲ್ಲಿ ಸಂಸದರ ಮಾತಿಗೆ ಬೆಲೆ ಇದೆ.

ಮೂರನೆಯದು ಊರಿನ ರೈಲು. ಕೊಂಕಣ ರೈಲ್ವೆ 1998ರಲ್ಲೇ ಪೂರ್ಣಗೊಂಡಿತು. ಈಗಲೂ ಮಂಗಳೂರಿಗೆ ಹೋಗುವ ಮತ್ಸ್ಯಗಂಧ ರೈಲಿನ ಟಿಕೆಟು ಏಪ್ರಿಲ್-ಮೇ ತಿಂಗಳಲ್ಲಿ ಸಿಕ್ಕಿದರೆ ಪುಣ್ಯ. ಬಾಂದ್ರಾ ಟರ್ಮಿನಸ್ ನಮ್ಮದೇ ಕ್ಷೇತ್ರದಲ್ಲಿದೆ. ಅಲ್ಲಿಂದ ಬೊರಿವಲಿ, ವಸಾಯಿ ಮಾರ್ಗವಾಗಿ ಮಂಗಳೂರಿಗೆ ನಿತ್ಯದ ರೈಲು ಬಿಟ್ಟರೆ ಪಶ್ಚಿಮ ಉಪನಗರಗಳ ಕನ್ನಡಿಗರೆಲ್ಲರಿಗೂ ಅನುಕೂಲ. ಈ ಬೇಡಿಕೆಯನ್ನು ಲಿಖಿತವಾಗಿ ಒಪ್ಪುವಿರಾ ಎಂದು ಇಬ್ಬರು ಅಭ್ಯರ್ಥಿಗಳನ್ನೂ ನಮ್ಮ ಸಂಘಗಳು ಒಟ್ಟಾಗಿ ಕೇಳಬಹುದಿತ್ತು.

ನಾಲ್ಕನೆಯದು ಭಾಷೆ. ಸಂವಿಧಾನದ ರಕ್ಷಣೆ ಈ ಚುನಾವಣೆಯ ದೊಡ್ಡ ಘೋಷಣೆಯಾಗಿತ್ತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರಕಿಸಬೇಕೆಂದು ಅದೇ ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯ ವರದಿ ಸಂಸತ್ತಿನ ಮುಂದೆ ಬರಬೇಕೆಂದು 350ಬಿ ಹೇಳುತ್ತದೆ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳು ಕ್ಷೀಣಿಸುತ್ತಿವೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವುದು ನಮ್ಮ ಕ್ಷೇತ್ರದ ವಿದ್ಯಾನಗರಿಯಲ್ಲೇ. ಕೆಳಗಿನ ತರಗತಿಗಳಲ್ಲಿ ಕನ್ನಡ ಕಲಿಯುವ ಮಕ್ಕಳಿಲ್ಲದಿದ್ದರೆ ಅಲ್ಲಿಗೆ ನಾಳೆ ವಿದ್ಯಾರ್ಥಿಗಳು ಬರುವುದೆಲ್ಲಿಂದ? ಶ್ರೀಮತಿ ಗಾಯಕ್ವಾಡ್ ಅವರು ರಾಜ್ಯದ ಶಾಲಾ ಶಿಕ್ಷಣ ಸಚಿವೆಯಾಗಿದ್ದವರು. ಈ ಪ್ರಶ್ನೆಯನ್ನು ಅವರು ಲೋಕಸಭೆಯಲ್ಲಿ ಎತ್ತಬೇಕೆಂದು ನನ್ನ ಆಗ್ರಹ.

ನಮ್ಮವರ ಇನ್ನೊಂದು ಲೋಪವನ್ನೂ ಹೇಳಬೇಕು. ಮೇ ತಿಂಗಳೆಂದರೆ ಊರಿನಲ್ಲಿ ಮದುವೆ, ನೇಮ, ಬ್ರಹ್ಮಕಲಶದ ಕಾಲ, ಮಕ್ಕಳಿಗೆ ರಜೆ. ಮತದಾನದ ದಿನ ನಮ್ಮ ಎಷ್ಟೋ ಮನೆಗಳಿಗೆ ಬೀಗವಿತ್ತು. ಇದ್ದವರಲ್ಲೂ ಕೆಲವರು ಮತಗಟ್ಟೆಯ ಉದ್ದ ಸಾಲು ನೋಡಿ ಹಿಂದಿರುಗಿದರು. 16,514 ಮತಗಳಲ್ಲಿ ತೀರ್ಮಾನವಾಗುವ ಕ್ಷೇತ್ರದಲ್ಲಿ ಸಂಘಟಿತವಾಗಿ ಮತ ಹಾಕುವ ಸಮುದಾಯದ ಮಾತನ್ನು ಯಾವ ಪಕ್ಷವೂ ತಳ್ಳಿಹಾಕಲಾರದು. ಊರಿಗೆ ಹೋದ ಸಮುದಾಯಕ್ಕೆ ಸಿಗುವುದು ಸನ್ಮಾನ ಸಮಾರಂಭದ ಹೊಗಳಿಕೆ ಮಾತ್ರ.

ವಿಧಾನಸಭೆ, ಪಾಲಿಕೆ ಚುನಾವಣೆಗಳು ಮುಂದೆಯೂ ಬರುತ್ತವೆ. ನಮ್ಮ ಜಾತಿ ಸಂಘಗಳು, ಕನ್ನಡ ಸಂಘಗಳು, ಭಜನಾ ಮಂಡಳಿಗಳು ಬೇರೆ ಬೇರೆ ಸನ್ಮಾನ ಇಟ್ಟುಕೊಳ್ಳುವುದನ್ನು ಬಿಟ್ಟು ಒಂದೇ ವೇದಿಕೆಗೆ ಎಲ್ಲ ಪಕ್ಷಗಳ ಅಭ್ಯರ್ಥಿಗಳನ್ನು ಕರೆಯಲಿ. ಸಾಂತಾಕ್ರೂಜ್‌ನ ಬಿಲ್ಲವ ಭವನದಂಥ ಸಭಾಗೃಹ ನಮ್ಮಲ್ಲಿದೆ. ಪ್ರಶ್ನೆಗಳನ್ನು ಒಂದು ವಾರ ಮೊದಲೇ ಬರೆದು ಕೊಡೋಣ. ಶಾಸಕರ ಕೆಲಸವನ್ನು ಶಾಸಕರಿಗೆ, ನಗರಸೇವಕರದನ್ನು ನಗರಸೇವಕರಿಗೆ ಕೇಳೋಣ. ಗೆದ್ದವರನ್ನು ವರ್ಷಕ್ಕೊಮ್ಮೆ ಅದೇ ವೇದಿಕೆಗೆ ಕರೆದು, ಸಂಸದರಾದರೆ ವರ್ಷದ ಐದು ಕೋಟಿ ರೂಪಾಯಿ ನಿಧಿಯ ಲೆಕ್ಕವನ್ನೂ ಕೇಳೋಣ.

ಸಂಪಾದಕರೇ, ನಿಮ್ಮಲ್ಲೂ ಒಂದು ವಿನಂತಿ. ಸನ್ಮಾನದ ಚಿತ್ರಕ್ಕೆ ಕೊಡುವ ಜಾಗವನ್ನು ಮುಂದಿನ ಚುನಾವಣೆಯಲ್ಲಿ ಈ ಪ್ರಶ್ನೆಗಳಿಗೂ ಅಭ್ಯರ್ಥಿಗಳ ಉತ್ತರಗಳಿಗೂ ಕೊಡಿ. ಉತ್ತರಿಸದವರ ಹೆಸರನ್ನೂ ಅಚ್ಚು ಹಾಕಿ. ಯಾರಿಗೆ ಮತ ಹಾಕಬೇಕೆಂಬುದನ್ನು ಓದುಗರು ತಾವೇ ತೀರ್ಮಾನಿಸುತ್ತಾರೆ.

ಇತಿ,
ಸಾಂತಾಕ್ರೂಜ್ ಪೂರ್ವದ ಓರ್ವ ಮತದಾರ
ಜೂನ್ 2024