ಮರದಿಂದ ಬಿದ್ದವನ ಕೇಸ್ ಶೀಟ್

ಆಟಿ ತಿಂಗಳ ಮಳೆ ಒಂದು ಹೊತ್ತು ಬಿಟ್ಟಿತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಅಡಿಕೆ ತೋಟಗಳಲ್ಲಿ ಮದ್ದು ಬಿಡುವ ಗಡಿಬಿಡಿ ಶುರು. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಗೊನೆಗೊನೆಗೂ ತಾಗದಿದ್ದರೆ ಕೊಳೆರೋಗ ಆ ವರ್ಷದ ಫಸಲನ್ನು ಅಂಗಳದ ತನಕ ಬರಗೊಡುವುದಿಲ್ಲ. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮದ್ದಿನ ಬಳಕೆಗೆ ಬಲ ಕೊಟ್ಟಿತು. ಒಳ್ಳೆಯ ಸಂಶೋಧನೆ, ತೋಟಗಳು ಉಳಿದವು. ಆದರೆ ಮದ್ದು ಬಿಡುವವನು ಮರ ಅತಿ ಹೆಚ್ಚು ಜಾರುವ ತಿಂಗಳುಗಳಲ್ಲೇ ಕಾಲಿಗೆ ತಳೆ ಹಾಕಿ ಹತ್ತಬೇಕು. ಕೈ ತಪ್ಪಿದರೆ ಸಂಶೋಧನೆಯ ವಿಷಯ ಕೃಷಿ ಇಲಾಖೆಯಿಂದ ಆಸ್ಪತ್ರೆಗೆ ವರ್ಗವಾಗುತ್ತದೆ. ಗಾಯಾಳುವನ್ನು ಹೊತ್ತ ವಾಹನ ಬಹುಮಟ್ಟಿಗೆ ಮಂಗಳೂರಿನ ಅಥವಾ ದೇರಳಕಟ್ಟೆಯ ದಾರಿ ಹಿಡಿಯುತ್ತದೆ. ಅಲ್ಲಿನ ಕ್ಯಾಶುಯಲ್ಟಿಯಲ್ಲಿ ಅವನನ್ನು ಮೊದಲು ಮುಟ್ಟಿ ನೋಡುವವನು ಎಂ.ಎಸ್. ಓದುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿ, ಆಸ್ಪತ್ರೆಯ ಮಾತಿನಲ್ಲಿ ಪಿ.ಜಿ.

ಈ ಪಿ.ಜಿ.ಯ ಅಳಲು ಎಲ್ಲ ಕಾಲೇಜುಗಳಲ್ಲೂ ಒಂದೇ. ಆಪರೇಷನ್ ಕಲಿಯಲು ಬಂದವನನ್ನು ಎಕ್ಸೆಲ್ ಹಾಳೆಯ ಮುಂದೆ ಕೂರಿಸಿದರು ಎಂಬುದು. ಮೂರು ವರ್ಷದ ಕೋರ್ಸಿನಲ್ಲಿ ಮೊದಲ ಆರು ತಿಂಗಳೊಳಗೆ ಸಿನಾಪ್ಸಿಸ್, ಪರೀಕ್ಷೆಗೆ ಆರು ತಿಂಗಳು ಮೊದಲೇ ಥೀಸಿಸ್. ನಡುವೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್, ಎಥಿಕ್ಸ್ ಕೋರ್ಸ್. ಇವುಗಳ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ ಒಂದು ಪೋಸ್ಟರನ್ನೋ ಪ್ರಬಂಧವನ್ನೋ ಮಂಡಿಸಿರಬೇಕು ಅಥವಾ ಪ್ರಕಟಿಸಿರಬೇಕು. ಇಷ್ಟನ್ನೂ ಮಾಡಬೇಕಾದ್ದು ರೌಂಡ್ಸ್, ಡ್ರೆಸ್ಸಿಂಗ್, ಓ.ಪಿ.ಡಿ., ರಾತ್ರಿ ಡ್ಯೂಟಿ ಮುಗಿಸಿ ಉಳಿದ ಹೊತ್ತಿನಲ್ಲಿ. ಉಳಿಯುವುದೆಷ್ಟು? ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಆದೇಶದಲ್ಲಿ ವಾರಕ್ಕೆ 48 ಗಂಟೆ ಎಂದಿತ್ತು. 2024ರಲ್ಲಿ ಆಯೋಗದ ಕಾರ್ಯಪಡೆ ವೈದ್ಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಕುರಿತು ವರದಿ ಕೊಡುವಾಗ ವಾರಕ್ಕೆ 74 ಗಂಟೆ ಮೀರದಿರಲಿ ಎಂದು ಶಿಫಾರಸು ಮಾಡಿತು. 48 ಎಷ್ಟರಮಟ್ಟಿಗೆ ಜಾರಿಯಲ್ಲಿತ್ತು ಎಂಬುದನ್ನು ಈ ಶಿಫಾರಸೇ ಹೇಳುತ್ತದೆ.

ಕೈಯೋ ಕಾಗದವೋ ಎಂದು ಹಟ ಹಿಡಿದು ಕೇಳಿದರೆ ನಾನು ಕೈಯ ಪಕ್ಷ. ಗಂಟು ಹಾಕಲು ಬಾರದ ಸರ್ಜನ್ ಹತ್ತು ಪ್ರಬಂಧ ಬರೆದಿದ್ದರೂ ರೋಗಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಆದರೆ ಗಂಟೆಗಳನ್ನು ಹಂಚುವುದರಲ್ಲಿ ಈ ಜಗಳ ತೀರುವುದಿಲ್ಲ. ಅದರ ಬೇರು ಇರುವುದು ವಿಷಯ ಆಯ್ಕೆಯ ಕಾಲದಲ್ಲಿ. ಸೇರಿದ ಆರು ತಿಂಗಳೆಂದರೆ ಪಿ.ಜಿ.ಗೆ ವಾರ್ಡಿನ ದಾರಿಯಷ್ಟೇ ಗೊತ್ತಾಗಿರುತ್ತದೆ. ಅವನಿಗೆ ಏನೂ ಪ್ರಶ್ನೆ ಹುಟ್ಟಿರದ ಆ ಗಳಿಗೆಯಲ್ಲೇ ಅವನ ಪ್ರಶ್ನೆಯನ್ನು ಬರೆದುಕೊಡು ಎನ್ನುತ್ತೇವೆ. ಹಾಗಾಗಿ ಸೀನಿಯರ್ ಮಾಡಿದ್ದನ್ನೇ ತುಸು ತಿರುಗಿಸಿ, ಎ ವಿಧಾನ ಮೇಲೋ ಬಿ ವಿಧಾನ ಮೇಲೋ ಎಂಬ ತೂಕಕ್ಕೆ ಹಚ್ಚುತ್ತಾನೆ. ಎರಡು ವರ್ಷದ ಕೊನೆಗೆ ಪುಟಗಟ್ಟಲೆ ಮಾಸ್ಟರ್ ಚಾರ್ಟ್ ತಯಾರಾಗಿ, ಬೈಂಡ್ ಆಗಿ, ಲೈಬ್ರರಿಯ ಕಪಾಟು ಸೇರುತ್ತದೆ. ಉತ್ತರ ತಿಳಿಯಬೇಕೆಂಬ ತವಕ ಗೈಡಿಗೂ ಇರಲಿಲ್ಲ, ಪಿ.ಜಿ.ಗೂ ಇರಲಿಲ್ಲ.

ಹಾಗಾದರೆ ಪ್ರಶ್ನೆ ಎಲ್ಲಿಂದ ಬರಬೇಕು? ಮತ್ತೆ ಮರದಿಂದ ಬಿದ್ದವನ ಹತ್ತಿರ ಹೋಗೋಣ. ಕಾಲೂರಿ ಬಿದ್ದವನ ಹಿಮ್ಮಡಿ ಮುರಿದಿದ್ದರೆ ಬೆನ್ನುಮೂಳೆಯ ಎಕ್ಸ್‌ರೇಯನ್ನೂ ತೆಗೆಸು ಎಂದು ಮೂಳೆ ವಿಭಾಗದಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ. ಬಿದ್ದ ಪೆಟ್ಟು ಹಿಮ್ಮಡಿಯಿಂದ ಮೇಲೇರಿ ಎದೆಯ ಮತ್ತು ಸೊಂಟದ ಕಶೇರುಕಗಳು ಕೂಡುವಲ್ಲಿ ಮೂಳೆಯನ್ನು ಅಪ್ಪಚ್ಚಿ ಮಾಡಬಹುದು. ನೋವು ಹಿಮ್ಮಡಿಯಲ್ಲೇ ಜೋರಾಗಿದ್ದರೆ ರೋಗಿ ಬೆನ್ನಿನ ಮಾತೆತ್ತುವುದಿಲ್ಲ. ಈ ಪಾಠವನ್ನು ಪಿ.ಜಿ. ಕೈಯ ಕಲಿಕೆ ಎಂದುಕೊಳ್ಳುತ್ತಾನೆ. ಎಂದೋ ಯಾರೋ ಹಿಮ್ಮಡಿ ಮುರಿದವರ ಕೇಸ್ ಶೀಟುಗಳನ್ನು ಒಟ್ಟಿಗೆ ಹರಡಿ ಲೆಕ್ಕ ಹಾಕಿದ್ದರಿಂದಲೇ ಅದು ಪಾಠವಾಯಿತು ಎಂಬುದು ಅವನ ಗಮನಕ್ಕೆ ಬಂದಿರುವುದಿಲ್ಲ.

ನಮ್ಮ ಕೇಸ್ ಶೀಟುಗಳಲ್ಲಿ ಇರುವುದೇನು? ‘ಅಲೆಜ್ಡ್ ಹಿಸ್ಟರಿ ಆಫ್ ಫಾಲ್ ಫ್ರಮ್ ಹೈಟ್.’ ಪೊಲೀಸರಿಗೆ, ವಿಮೆಯವರಿಗೆ ಅಷ್ಟು ಸಾಕು. ಆದರೆ ಯಾವ ಮರ, ಅಡಿಕೆಯೋ ತೆಂಗೋ ಕಾಳುಮೆಣಸು ಹಬ್ಬಿದ್ದೋ? ಮದ್ದು ಬಿಡುವಾಗಲೋ ಕೊಯ್ಲಿನಲ್ಲೋ? ತಳೆ ಹರಿಯಿತೇ, ಪಾಚಿಗೆ ಜಾರಿತೇ, ಒಂದು ಮರದಿಂದ ಇನ್ನೊಂದಕ್ಕೆ ತೊನೆದು ದಾಟುವಾಗ ಮರವೇ ತುಂಡಾಯಿತೇ? ಬಿದ್ದವನನ್ನು ಹಲಗೆಯ ಮೇಲೆ ಮಲಗಿಸಿ ತಂದರೋ, ರಿಕ್ಷಾದಲ್ಲಿ ಮಡಚಿ ಕೂರಿಸಿ ತಂದರೋ? ಈ ಕೊನೆಯ ಪ್ರಶ್ನೆಗೆ ಅವನ ಕಾಲುಗಳ ಭವಿಷ್ಯವೇ ಅಂಟಿಕೊಂಡಿರುತ್ತದೆ. ಇವನ್ನೆಲ್ಲ ತುಳುವಿನಲ್ಲೋ ಕನ್ನಡದಲ್ಲೋ ಬ್ಯಾರಿಯಲ್ಲೋ ಕೇಳಿ ಬರೆದುಕೊಳ್ಳಲು ಐದು ನಿಮಿಷ ಹೆಚ್ಚು ಬೇಕು. ಹಾಗೆ ಕೇಳುವುದೇ ಒಳ್ಳೆಯ ಚಿಕಿತ್ಸೆ. ಕೇಳಿದ್ದನ್ನು ಎಲ್ಲ ರೋಗಿಗಳಲ್ಲೂ ಒಂದೇ ಕ್ರಮದಲ್ಲಿ ಬರೆದಿಟ್ಟರೆ ಸಂಶೋಧನೆಯ ಅರ್ಧ ಕೆಲಸ ಅಲ್ಲೇ ಮುಗಿಯಿತು.

ಈ ಪ್ರಶ್ನೆಗಳನ್ನು ಈ ನೆಲ ಬೇರೆ ಕಡೆಯಿಂದ ಆಗಲೇ ಕೇಳಿದೆ. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಹಿರೇಹಳ್ಳಿಯ ಗಿಡ್ಡ ತಳಿಯನ್ನು ಎತ್ತರದ ತಳಿಗಳ ಜೊತೆ ಕೂಡಿಸಿ ಗಿಡ್ಡ ಅಡಿಕೆ ಹೈಬ್ರಿಡ್‌ಗಳನ್ನು ಹೊರತಂದದ್ದು ಅದೇ ಕೇಂದ್ರ. ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಕೂತು ಮರವೇರುವ ಮೋಟಾರು ಯಂತ್ರ ಮಾಡಿದರು. 2019ರಲ್ಲಿ ಅದರ ವಿಡಿಯೊ ದೇಶವೆಲ್ಲ ಓಡಾಡಿತು. ನೆಲದಲ್ಲೇ ನಿಂತು ಗೊನೆ ಇಳಿಸುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಈಗ ತೋಟತೋಟಕ್ಕೂ ಬಂದಿದೆ. ಇವುಗಳಿಂದ ಬೀಳುವವರು ಕಡಿಮೆಯಾದರೇ? ದೋಟಿ ಹಿಡಿದು ದಿನವಿಡೀ ಮೇಲೆ ನೋಡುವವನ ಕುತ್ತಿಗೆ, ಭುಜದ ಗತಿ ಏನು? ಉತ್ತರ ಹೇಳಬೇಕಾದ್ದು ಮೂಳೆ ವಿಭಾಗದ ರಿಜಿಸ್ಟರು.

ಹಳ್ಳಿಯ ಪ್ರಶ್ನೆ ದೊಡ್ಡ ಪತ್ರಿಕೆಗೆ ಹೋದೀತೇ ಎನ್ನುವವರಿಗೆ ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಸರ್ಜನ್ ಡಾ. ರವೀಂದ್ರನಾಥ ಟೊಂಗಾಂವ್‌ಕರ್ ಅವರ ಕಥೆ ಹೇಳಬೇಕು. ಹರ್ನಿಯಾಕ್ಕೆ ಹಾಕುವ ಕಂಪನಿ ಬಲೆಯ ಬೆಲೆ ಅವರ ರೋಗಿಗಳ ಕೈಗೆಟುಕುತ್ತಿರಲಿಲ್ಲ. ಸೊಳ್ಳೆಪರದೆಯ ಬಟ್ಟೆಯನ್ನು ಶುದ್ಧೀಕರಿಸಿ ಬಳಸಿ ನೋಡಿದರು, ಬೇರೆ ಊರುಗಳ ಸರ್ಜನ್ನರನ್ನು ಜೊತೆಗೂಡಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಮುಂದೆ ಉಗಾಂಡದಲ್ಲಿ 302 ರೋಗಿಗಳ ಮೇಲೆ ಸೊಳ್ಳೆಪರದೆಯ ಬಲೆಗೂ ಕಂಪನಿ ಬಲೆಗೂ ಹೋಲಿಕೆ ನಡೆಯಿತು. ಒಂದು ವರ್ಷದ ಬಳಿಕವೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ ಎಂಬ ವರದಿ 2016ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು.

ಇಲ್ಲಿಯ ಪ್ರಶ್ನೆಗಳೆಲ್ಲ ಅಷ್ಟು ಸುಖದವಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯಿಂದಲೇ ಮನೆ ಕಟ್ಟಿ, ಮಕ್ಕಳನ್ನು ಡಾಕ್ಟರು ಮಾಡಿದ ಊರಿಗೆ ಇದು ನುಂಗಲಾಗದ ಮಾತು. ಬಾಯಿ ತೆರೆಯಲಾಗದೆ ಬಂದ ರೋಗಿಯ ಶೀಟಿನಲ್ಲಿ ‘ವೀಳ್ಯ ಜಗಿಯುವ ಅಭ್ಯಾಸ’ ಎಂದು ಗೀಚಿ ಮುಗಿಸಿದರೆ ಬೆಳೆಗಾರನಿಗೂ ನ್ಯಾಯವಿಲ್ಲ, ರೋಗಿಗೂ ಇಲ್ಲ. ಹೊಗೆಸೊಪ್ಪು ಇತ್ತೇ, ಇಲ್ಲವೇ? ಗುಟ್ಕಾವೋ ಮನೆಯ ತಟ್ಟೆಯ ವೀಳ್ಯವೋ? ಎಷ್ಟು ವರ್ಷ, ಯಾವ ದವಡೆಯಲ್ಲಿ? ಕೇಳಿ ಬರೆಯಲಿ, ಬಂದ ಉತ್ತರ ಯಾರಿಗೆ ಹಿತವಾದರೂ ಆಗದಿದ್ದರೂ.

ಪಿ.ಜಿ.ಗಳು ಸರ್ಕಾರಿ ಆಸ್ಪತ್ರೆಯಲ್ಲಿ ಕಳೆಯಬೇಕಾದ ಮೂರು ತಿಂಗಳ ಜಿಲ್ಲಾ ರೆಸಿಡೆನ್ಸಿ ಕಡ್ಡಾಯವಾಗಿರುವುದು ಇಂಥ ಪ್ರಶ್ನೆಗಳನ್ನು ಕೇಳಲು ಉಪಯೋಗಕ್ಕೆ ಬರುತ್ತದೆ. ಮಂಗಳೂರಿನ 1848ರ ವೆನ್ಲಾಕ್ ಆಸ್ಪತ್ರೆಯನ್ನು ಮಣಿಪಾಲದ ಟಿ.ಎಂ.ಎ. ಪೈಯವರು 1950ರ ದಶಕದಲ್ಲೇ ಸರ್ಕಾರದ ಒಪ್ಪಂದದೊಡನೆ ತಮ್ಮ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ (ಕೆಎಂಸಿ) ಪಾಠಶಾಲೆ ಮಾಡಿಕೊಂಡಿದ್ದರು. ಸರ್ಕಾರಿ ವಾರ್ಡಿನಲ್ಲಿ ಕಲಿಯುವುದು ಈ ಜಿಲ್ಲೆಗೆ ಹೊಸತಲ್ಲ. 2023ರ ನಿಯಮದಲ್ಲಿ 50 ಹಾಸಿಗೆ ಮತ್ತು ತಕ್ಕ ಸಿಬ್ಬಂದಿ ಇರುವ ಸರ್ಕಾರಿ ಆಸ್ಪತ್ರೆಯೂ ಸಾಕು, ಅಂದರೆ ತಾಲೂಕು ಆಸ್ಪತ್ರೆಗೂ ಬಾಗಿಲು ತೆರೆದಿದೆ. ತೊಡಕೆಂದರೆ ಈ ಪೋಸ್ಟಿಂಗ್ ಬರುವುದು ಮೂರರಿಂದ ಐದನೇ ಸೆಮಿಸ್ಟರಿನಲ್ಲಿ, ಥೀಸಿಸ್ ವಿಷಯ ಮುದ್ರೆ ಬಿದ್ದು ಎಷ್ಟೋ ಸಮಯವಾದ ಮೇಲೆ. ಥೀಸಿಸ್ ಅದರ ಪಾಡಿಗೆ ಇರಲಿ. ಪೋಸ್ಟರಿನ, ಪ್ರಬಂಧದ ಸಾಲವನ್ನಾದರೂ ತಾಲೂಕಿನ ಪ್ರಶ್ನೆಯಿಂದ ತೀರಿಸಬಹುದು. ಮೂರು ತಿಂಗಳಲ್ಲಿ ಒಬ್ಬನಿಂದ ಅಧ್ಯಯನ ಆಗದು, ನಿಜ. ಆದರೆ ಒಬ್ಬನ ಹಿಂದೆ ಇನ್ನೊಬ್ಬ ಬರುತ್ತಾನಲ್ಲ. ಕಾಲೇಜು ಒಮ್ಮೆ ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು ಒಂದೇ ನಮೂನೆಯ ರಿಜಿಸ್ಟರು ಇಟ್ಟರೆ, ಮಳೆಗಾಲದವನು ಮದ್ದಿನ ಬೀಳುವಿಕೆ ಬರೆದುಕೊಳ್ಳುತ್ತಾನೆ, ಚಳಿಗಾಲದವನು ಕೊಯ್ಲಿನದ್ದು. ವರ್ಷಕ್ಕೆ ನಾಲ್ಕು ತಂಡಗಳ ಕೈಬರಹ ಸೇರುತ್ತದೆ. ಆ ರಿಜಿಸ್ಟರನ್ನು ವರ್ಷವಿಡೀ ಕಾಯ್ದುಕೊಳ್ಳುವ ತಾಲೂಕು ಆಸ್ಪತ್ರೆಯ ಸರ್ಜನ್ನಿನ ಹೆಸರೂ ಪ್ರಬಂಧದಲ್ಲಿ ಇರಬೇಕು. ಕೊನೆಯ ‘ಕೃತಜ್ಞತೆ’ಯ ಸಾಲಿನಲ್ಲಲ್ಲ, ಲೇಖಕರ ಸಾಲಿನಲ್ಲೇ.