ಕೂಡುವುದೋ, ಕಳೆಯುವುದೋ?

ಬರಿಯ ಅಂಕಿಗಳ ಲೆಕ್ಕವನ್ನು ತಪ್ಪಿಲ್ಲದೆ ಮಾಡುವ ಬಾಲಕನೂ, ಅದೇ ಅಂಕಿಗಳು ವಾಕ್ಯಗಳಲ್ಲಿ ಅಡಗಿ ಬಂದೊಡನೆ ತಲೆಯೆತ್ತಿ ಕೇಳುತ್ತಾನೆ: "ಇದನ್ನು ಕೂಡುವುದೋ, ಕಳೆಯುವುದೋ?" ಹೀಗೆ ಕೇಳಿದವನನ್ನು ದಡ್ಡನೆಂದು ಬಗೆಯುವುದು ವಾಡಿಕೆ. ಆದರೆ ಕೊರತೆಯಿರುವುದು ಅವನ ಬುದ್ಧಿಯಲ್ಲಲ್ಲ, ನಾವು ಕಲಿಸುವ ಬಗೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

'ಒಟ್ಟು' ಎಂದಿದ್ದರೆ ಕೂಡು, 'ಉಳಿದ' ಎಂದಿದ್ದರೆ ಕಳೆ ಎಂದು ಮಕ್ಕಳಿಗೆ ಹೇಳಿಕೊಡುವುದುಂಟು. ಈ ಸುಲಭೋಪಾಯವು ಬಹುಬೇಗ ಕೈಕೊಡುತ್ತದೆ. "ಒಬ್ಬಳು ಸಂತೆಯಲ್ಲಿ ೩೭ ರೂಪಾಯಿ ಕೊಟ್ಟಳು, ೪೮ ರೂಪಾಯಿ ಉಳಿದವು. ಮೊದಲು ಅವಳಲ್ಲಿ ಎಷ್ಟಿದ್ದವು?" 'ಉಳಿದವು' ಎಂಬ ಮಾತಿಗೆ ಮರುಳಾದವನು ೪೮ರಿಂದ ೩೭ನ್ನು ಕಳೆದು ೧೧ ಎನ್ನುತ್ತಾನೆ. ಕಥೆಯನ್ನು ಮನಸ್ಸಿನಲ್ಲಿ ಹಿಂದಕ್ಕೆ ನಡೆಸಿದವನಾದರೋ, ಕೊಟ್ಟದ್ದನ್ನು ಮರಳಿ ಅವಳ ಕೈಗಿತ್ತು, ೪೮ಕ್ಕೆ ೨ ಸೇರಿಸಿ ೫೦ ಮಾಡಿ, ಮಿಕ್ಕ ೩೫ನ್ನು ಕೂಡಿ ೮೫ ಎನ್ನುತ್ತಾನೆ. ಮೊದಲನೆಯವನು ಒಂದು ಪದವನ್ನು ಓದಿದನು. ಎರಡನೆಯವನು ಸಂಗತಿಯನ್ನು ಅರಿತನು.

ಇಂಥ ಅರಿವು ಬೀದರದ ಗಾಂಧಿಗಂಜಿನಂತಹ ಪೇಟೆಗಳಲ್ಲಿ ದಿನವೂ ಕೆಲಸ ಮಾಡುತ್ತದೆ. ೬೩ ರೂಪಾಯಿಯ ಸರಕಿಗೆ ನೂರರ ನೋಟು ಕೊಟ್ಟರೆ, ಅಂಗಡಿಯವನು ಪಕ್ಕದ ಸ್ಥಾನದಿಂದ ಹತ್ತನ್ನು ಎರವಲು ತರುವುದಿಲ್ಲ. ೬೩ಕ್ಕೆ ೭ ಇಟ್ಟರೆ ೭೦, ಅದಕ್ಕೆ ೩೦ ಇಟ್ಟರೆ ನೂರು, ಚಿಲ್ಲರೆ ೩೭. ಕಳೆಯುವ ಲೆಕ್ಕವನ್ನು ಅವನು ಕೂಡಿಯೇ ಮುಗಿಸಿದನು.

ಹಾಗಾದರೆ ಪೇಟೆಯ ಜಾಣ್ಮೆ ತಾನಾಗಿಯೇ ಶಾಲೆಗೆ ನಡೆದು ಬರುವುದೇ? ಇಲ್ಲ. ನೊಬೆಲ್ ಪುರಸ್ಕೃತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಸಂಗಡಿಗರು ಕೋಲ್ಕತ್ತ ಮತ್ತು ದೆಹಲಿಯ ಪೇಟೆಗಳಲ್ಲಿ ದುಡಿಯುವ ೧,೪೩೬ ಮಕ್ಕಳನ್ನೂ ೪೭೧ ಶಾಲಾಮಕ್ಕಳನ್ನೂ ಪರೀಕ್ಷಿಸಿ, ೨೦೨೫ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪೇಟೆಯ ಮಕ್ಕಳು ವ್ಯಾಪಾರದ ತೊಡಕಾದ ಲೆಕ್ಕಗಳನ್ನು ಬಾಯಲ್ಲೇ ಬಿಡಿಸಿದರು. ಶಾಲೆಯ ರೀತಿಯ ಸರಳ ಲೆಕ್ಕಗಳಲ್ಲಿ ಎಡವಿದರು. ಶಾಲಾಮಕ್ಕಳ ಸ್ಥಿತಿ ಇದಕ್ಕೆ ವಿಪರೀತವಾಗಿತ್ತು. ಎರಡು ದಡಗಳಿವೆ, ನಡುವೆ ಸೇತುವೆಯಿಲ್ಲ. ಸೇತುವೆ ಕಟ್ಟುವುದು ಶಾಲೆಯ ಕೆಲಸ.

ಬೀದರ ಸೀಮೆಯಲ್ಲಿ ಈ ಕೆಲಸಕ್ಕೆ ಇನ್ನೊಂದು ಮುಖವಿದೆ. ಲೆಕ್ಕದ ಕಥೆಯನ್ನು ಅರಿಯಬೇಕಾದರೆ ಅದರ ಭಾಷೆ ತಿಳಿಯಬೇಕಷ್ಟೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ, ಒಳಗೆ ಕನ್ನಡ ಕಲಿಸಿದ ಸಂಗತಿ ಪ್ರಸಿದ್ಧವಾಗಿದೆ. ೧೯೫೬ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತಾದರೂ ಭಾಷೆಗಳು ಗಡಿಗೆರೆಯಂತೆ ಬೇರ್ಪಡಲಿಲ್ಲ. ಔರಾದದಲ್ಲಿ ಮನೆಯಲ್ಲಿ ಮರಾಠಿಯನ್ನಾಡುವ ಮಗು ಕನ್ನಡದ ಲೆಕ್ಕವನ್ನು ಓದಬೇಕಾಗಬಹುದು. ಬೀದರದಲ್ಲಿ ಉರ್ದುವನ್ನಾಡುವ ಮಗುವಿನ ಪಾಡೂ ಹಾಗೆಯೇ. "ರಾಮನ ಬಳಿ ೪೨ ಚೀಲ ಸೋಯಾ ಇದೆ, ಅದು ಸೋಮನ ಸೋಯಾಕ್ಕಿಂತ ೧೫ ಚೀಲ ಹೆಚ್ಚು" ಎಂಬಲ್ಲಿ, ಯಾರದು ಹೆಚ್ಚು ಎಂಬುದು ತಿಳಿಯದೆ ೧೫ನ್ನು ಕೂಡಿದರೆ ಅದು ಗಣಿತದ ದೋಷವಲ್ಲ, ಭಾಷೆಯ ತೊಡಕು.

ಆದರೆ ಇದೇ ಬಹುಭಾಷಿಕತೆ ಒಂದು ಸಂಪತ್ತೂ ಹೌದು. ಕನ್ನಡದ 'ಅರವತ್ತಮೂರು' ದಶಕವನ್ನು ಮೊದಲು ನುಡಿಯುತ್ತದೆ. ಆದ್ದರಿಂದ ೩೬ಕ್ಕೆ ೨೭ನ್ನು ಕೂಡುವಾಗ ಮೂವತ್ತೂ ಇಪ್ಪತ್ತೂ ಐವತ್ತು, ಆರೂ ಏಳೂ ಹದಿಮೂರು, ಒಟ್ಟು ಅರವತ್ತಮೂರು ಎಂದು ದೊಡ್ಡ ಭಾಗದಿಂದ ಹೊರಡುವುದು ಸಹಜ. ಮರಾಠಿಯ 'ತ್ರೇಸಷ್ಟ', ಉರ್ದುವಿನ 'ತಿರಸಠ' ಮೂರನ್ನು ಮೊದಲು ಹೇಳುತ್ತವೆ. ಕೇಳಿ ಬರೆಯುವ ಮಗು ೬೩ನ್ನು ೩೬ ಮಾಡಬಹುದು, ಎಚ್ಚರವಿರಬೇಕು. ಆದರೆ ೨೯ಕ್ಕೆ ಮರಾಠಿಯಲ್ಲಿ 'ಏಕೋಣತೀಸ', ಎಂದರೆ ಒಂದು ಕಡಿಮೆ ಮೂವತ್ತು. ಉರ್ದುವಿನ 'ಉಂತೀಸ್' ಎಂಬುದರ ಅರ್ಥವೂ ಅದೇ. ೪೬ಕ್ಕೆ ೨೯ ಕೂಡಬೇಕಾದಾಗ ಮೂವತ್ತು ಕೂಡಿ ಒಂದು ಬಿಡು, ೭೫ ಎಂಬ ಯುಕ್ತಿಯು ಆ ಹೆಸರಿನಲ್ಲೇ ಅಡಗಿದೆ! ನೆರೆಯ ಭಾಷೆಯು ತಾನಾಗಿ ಕೊಟ್ಟ ಈ ಪಾಠವನ್ನು ಕನ್ನಡದ ಮಕ್ಕಳೂ ಏಕೆ ಪಡೆಯಬಾರದು?

ಕಾಗದದ ಮೇಲಿನ ಕ್ರಮವನ್ನು ಕೈಬಿಡಬೇಕೆಂದು ನಾವು ಹೇಳುವುದಿಲ್ಲ. ದೊಡ್ಡ ಸಂಖ್ಯೆಗಳಿಗೆ ಅದು ಬೇಕೇ ಬೇಕು. ನಮ್ಮ ಸೂಚನೆ ಇಷ್ಟೇ. ಮಗು ಮೊದಲು ಲೆಕ್ಕದ ಕಥೆಯನ್ನು ತನ್ನ ಮನೆಮಾತಿನಲ್ಲಿ ಹೇಳಲಿ. ಉತ್ತರ ಬರುವುದಕ್ಕೆ ಮುನ್ನ ಅದು ಹೆಚ್ಚಾಗುವುದೋ ಕಡಿಮೆಯಾಗುವುದೋ ಎಂದು ಊಹಿಸಲಿ. ಬಳಿಕ ಬಾಯಲ್ಲಿ ಬಿಡಿಸಿ, ತಾನು ನಡೆದ ದಾರಿಯನ್ನು ತರಗತಿಗೆ ವಿವರಿಸಲಿ. ಕೊನೆಗೆ ಅದನ್ನೇ ಅಂಕಿಗಳಲ್ಲಿ ಬರೆಯಲಿ. ಉತ್ತರದಂತೆ ದಾರಿಗೂ ಗುಣಾಂಕಗಳು ಸಲ್ಲಲಿ.

ಇದಕ್ಕೆ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಬೇಕಾಗಿಲ್ಲ. ಬೇಕಾದುದು, "ಉತ್ತರವೇನು?" ಎಂದು ಕೇಳಿದ ಮೇಲೆ "ಹೇಗೆ ಬಂತು?" ಎಂದೂ ಕೇಳಿ, ಉತ್ತರ ಬರುವ ತನಕ ಕಾಯುವಷ್ಟು ತಾಳ್ಮೆ. ಆ ತಾಳ್ಮೆ ದೊರೆಯದಿದ್ದರೆ, ಸಂತೆಯಲ್ಲಿ ಯಾರಿಂದಲೂ ಮೋಸಹೋಗದ ಹುಡುಗನು ಶಾಲೆಯಲ್ಲಿ ಮಾತ್ರ ದಡ್ಡನೆನಿಸಿಕೊಂಡೇ ಉಳಿಯುತ್ತಾನೆ.