ಹಾರಕ್ಕೆ ಮುಂಚೆ ಲೆಕ್ಕ

ಫೆಬ್ರವರಿ ಬಂತೆಂದರೆ ಅಮೆರಿಕದಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಅದರ ನೆಪದಲ್ಲಿ ಸಿನಿಮಾ, ಟಿ.ವಿ., ಸಂಗೀತಕ್ಕೆ ಕಪ್ಪು ಕಲಾವಿದರು ಕೊಟ್ಟದ್ದನ್ನು ನೆನೆಯುವ ಅರ್ಧ ಗಂಟೆಯ ಕಾರ್ಯಕ್ರಮವೊಂದು ಈ ವಾರ ನಮ್ಮ ಚಾನೆಲ್ಲೊಂದರಲ್ಲೂ ಬಂತು. ಆಸೆಯಿಂದ ಕೂತೆ, ಮುಗಿಯುವಷ್ಟರಲ್ಲಿ ರೇಗಿಹೋಯಿತು. ಒಬ್ಬರಾದ ಮೇಲೆ ಒಬ್ಬರ ಫೋಟೊ, ಪ್ರಶಸ್ತಿಗಳ ಪಟ್ಟಿ, ಪ್ರತಿಯೊಬ್ಬರಿಗೂ ‘ಎಲ್ಲ ಅಡೆತಡೆ ಮೀರಿ’ ಎಂಬ ಅದೇ ಮಾತು. ಅಡೆತಡೆ ತಾನಾಗಿ ಎದ್ದು ನಿಂತಿತ್ತೇ? ಅದನ್ನು ಕಟ್ಟಿದವರಿದ್ದರು, ಕಾದವರಿದ್ದರು, ಅದರಿಂದ ದುಡ್ಡು ಮಾಡಿಕೊಂಡವರಿದ್ದರು. ಅವರ ಬಗ್ಗೆ ಸೊಲ್ಲೇ ಇಲ್ಲ.

ಹ್ಯಾಟಿ ಮೆಕ್‌ಡೇನಿಯಲ್ ಅವರನ್ನೇ ನೋಡಿ. ‘ಗಾನ್ ವಿತ್ ದ ವಿಂಡ್’ ಚಿತ್ರದ ಮ್ಯಾಮಿ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟಿ, ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆ. ಕಾರ್ಯಕ್ರಮದಲ್ಲಿ ಅವರ ನಗುಮುಖದ ಫೋಟೊ ತೋರಿಸಿದರು, ಸರಿ. 1940ರ ಫೆಬ್ರವರಿ 29ರ ಆ ರಾತ್ರಿ ಲಾಸ್ ಏಂಜಲೀಸಿನ ಅಂಬಾಸಡರ್ ಹೋಟೆಲಿನಲ್ಲಿ ಅವರು ಎಲ್ಲಿ ಕೂತಿದ್ದರು ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಹೋಟೆಲಿಗೆ ಕಪ್ಪು ಜನರಿಗೆ ಪ್ರವೇಶವೇ ಇರಲಿಲ್ಲ. ಚಿತ್ರದ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್ ವಿಶೇಷವಾಗಿ ಕೇಳಿಕೊಂಡ ಮೇಲೆ ಒಳಗೆ ಬಿಟ್ಟರು. ಬಿಟ್ಟು ಎಲ್ಲಿ ಕೂರಿಸಿದರು? ಕ್ಲಾರ್ಕ್ ಗೇಬಲ್, ವಿವಿಯನ್ ಲೀ ಮುಂತಾದ ಸಹನಟರ ಜೊತೆಯಲ್ಲಲ್ಲ. ಗೋಡೆಗೆ ಒತ್ತಿದಂತೆ ಹಾಕಿದ ಪುಟ್ಟ ಮೇಜಿನಲ್ಲಿ, ಜೊತೆಗೆ ಬಂದವರು ಮತ್ತು ಏಜೆಂಟರ ನಡುವೆ. ಹೆಸರು ಕರೆದಾಗ ಅಲ್ಲಿಂದ ಎದ್ದು ಬಂದು ಪ್ರಶಸ್ತಿ ಪಡೆದು, ತಮ್ಮ ಜನಕ್ಕೂ ಚಿತ್ರರಂಗಕ್ಕೂ ಹೆಮ್ಮೆ ತರುವಂತೆ ಬಾಳುತ್ತೇನೆಂದು ಹೇಳಿ, ಮತ್ತೆ ಅದೇ ಮೇಜಿಗೆ ಹೋಗಿ ಕೂತರು. ಅದಕ್ಕೂ ಎರಡು ತಿಂಗಳ ಹಿಂದೆ ಅಟ್ಲಾಂಟಾದಲ್ಲಿ ಚಿತ್ರದ ಅದ್ದೂರಿ ಮೊದಲ ಪ್ರದರ್ಶನ ನಡೆದಾಗ ಅವರಿಗೆ ಅಲ್ಲಿ ಕಾಲಿಡಲೂ ಆಗಿರಲಿಲ್ಲ.

ಹ್ಯಾಟಿಯ ತಂದೆತಾಯಿ ಗುಲಾಮಗಿರಿಯಲ್ಲಿ ಹುಟ್ಟಿದವರು. ಸ್ವತಃ ಅವರು ಹಾಡುಗಾರ್ತಿಯಾಗಿದ್ದರೂ, 1929ರ ಷೇರುಪೇಟೆ ಕುಸಿತದ ನಂತರ ಬೇರೆ ದಾರಿಯಿಲ್ಲದೆ ಮಿಲ್ವಾಕಿಯ ಕ್ಲಬ್ಬೊಂದರ ಶೌಚಾಲಯದಲ್ಲಿ ಪರಿಚಾರಕಿಯಾಗಿದ್ದರು. ತೆರೆಯ ಮೇಲೆ ಸಾಲುಸಾಲಾಗಿ ಮನೆಕೆಲಸದವಳ ಪಾತ್ರವನ್ನೇ ಮಾಡಿದರೆಂದು ಅವರ ಕಾಲದಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದವರೇ ಅವರನ್ನು ಬೈದರು. ಮನೆಕೆಲಸ ಮಾಡಿ ವಾರಕ್ಕೆ 7 ಡಾಲರ್ ತರುವುದಕ್ಕಿಂತ ಮನೆಕೆಲಸದವಳಾಗಿ ನಟಿಸಿ 700 ಡಾಲರ್ ತರುವುದು ಮೇಲು ಎಂಬರ್ಥದ ಅವರ ಉತ್ತರ ಪ್ರಸಿದ್ಧ. ಹೋರಾಟಗಾರರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕಪ್ಪು ಹೆಂಗಸಿಗೆ ಅಡುಗೆಮನೆ ಬಿಟ್ಟು ಬೇರೆ ದೃಶ್ಯವನ್ನೇ ಬರೆಯದ ಚಿತ್ರಕತೆಗಾರರನ್ನು, ಬರೆಸದ ಸ್ಟುಡಿಯೊ ಯಜಮಾನರನ್ನು ಬಿಟ್ಟು ಈ ಹೆಂಗಸನ್ನು ಕಟಕಟೆಗೆ ಹತ್ತಿಸಿದ್ದು ಅನ್ಯಾಯ. 1952ರಲ್ಲಿ ತೀರಿಕೊಂಡಾಗ ಅವರು ಬಯಸಿದ್ದ ಹಾಲಿವುಡ್ ಸ್ಮಶಾನವೂ ಬಣ್ಣ ನೋಡಿ ಜಾಗ ಕೊಡಲಿಲ್ಲ. ಇನ್ನೊಬ್ಬ ಕಪ್ಪು ನಟಿಯ ಕೈಗೆ ಆಸ್ಕರ್ ಬಂದದ್ದು 1991ರಲ್ಲಿ, ವೂಪಿ ಗೋಲ್ಡ್‌ಬರ್ಗ್ ಅವರಿಗೆ. ಅರ್ಧ ಶತಮಾನ! ಅಡೆತಡೆ ಮೀರಿದರಂತೆ.

ಟಿ.ವಿ.ಯ ಕತೆಯೂ ಬೇರೆಯಲ್ಲ. ಹಾಲಿವುಡ್ಡಿನಲ್ಲಿ ಕ್ಯಾಪಿಟಲ್ ರೆಕಾರ್ಡ್ಸ್ ಕಂಪನಿಯ ದುಂಡನೆಯ ಹದಿಮೂರು ಮಹಡಿಯ ಕಟ್ಟಡವಿದೆ, 1956ರದ್ದು. ನ್ಯಾಟ್ ಕಿಂಗ್ ಕೋಲ್ ಅವರ ರೆಕಾರ್ಡುಗಳು ತಂದ ಹಣ ಅಷ್ಟಿತ್ತೆಂದು ಅದನ್ನು ನ್ಯಾಟ್ ಕಟ್ಟಿಸಿದ ಮನೆ ಎಂದೇ ಜನ ಕರೆದರು. ಅದೇ ವರ್ಷದ ನವೆಂಬರಿನಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಅವರ ಹೆಸರಿನ ಷೋ ಶುರುವಾಯಿತು. ಹ್ಯಾರಿ ಬೆಲಫಾಂಟೆ, ಎಲ್ಲಾ ಫಿಟ್ಜ್‌ಜೆರಾಲ್ಡ್‌ರಂಥವರು ಗೆಳೆಯನಿಗಾಗಿ ಕನಿಷ್ಠ ಸಂಭಾವನೆಗೆ ಬಂದು ಹಾಡಿದರು. ಇಷ್ಟಿದ್ದೂ ದೇಶಮಟ್ಟದ ಒಬ್ಬ ಪ್ರಾಯೋಜಕ ಸಿಗಲಿಲ್ಲ. ಕಪ್ಪು ಮನುಷ್ಯನ ಷೋಗೆ ದುಡ್ಡು ಹಾಕಿದರೆ ದಕ್ಷಿಣ ರಾಜ್ಯಗಳ ಬಿಳಿಯ ಗಿರಾಕಿಗಳು ಮುನಿಸಿಕೊಂಡಾರು ಎಂಬ ಭಯ ಕಂಪನಿಗಳಿಗೆ. 1957ರ ಡಿಸೆಂಬರಿನಲ್ಲಿ ಕೋಲ್ ತಾವೇ ಷೋ ನಿಲ್ಲಿಸಿದರು. ಜಾಹೀರಾತು ಏಜೆನ್ಸಿಗಳಿಗೆ ಕತ್ತಲೆಂದರೆ ಭಯ ಎಂದು ಆಮೇಲೆ ಚುಚ್ಚಿದರು. ಕೊರಳಿಗೆ ಕೊರತೆಯಿತ್ತೇ? ನೋಡುವವರು ಇರಲಿಲ್ಲವೇ? ಚೆಕ್ ಬರೆಯುವ ಕೈ ಹಿಂದೆ ಸರಿಯಿತು, ಅಷ್ಟೇ.

ಈ ಅಂಕಣ ಓದುತ್ತ ಬಂದವರಿಗೆ ನನ್ನ ಹಳೆಯ ಗೀಳು ಗೊತ್ತು: ಹಾಡಿನ ಹಿಂದೆ ನುಡಿಸಿದವರ ಹೆಸರು. ಭಾವಗೀತೆಯ ಎಷ್ಟೋ ಕ್ಯಾಸೆಟ್ಟುಗಳ ಮೇಲೆ ಕವಿ, ಗಾಯಕರು, ಸಂಗೀತ ಸಂಯೋಜಕರು ಇರುತ್ತಿದ್ದರು. ತಬಲಾ ಯಾರದ್ದು, ಕೊಳಲು ಯಾರದ್ದು ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಸಂಜೆಯವರೆಗೆ ನುಡಿಸಿ, ಅಂದಿನ ಕೂಲಿ ಎಣಿಸಿಕೊಂಡು ಬಸ್ಸು ಹತ್ತಿದವರು ಅವರು. ಇದನ್ನು ಬರೆದಾಗಲೆಲ್ಲ ‘ಮತ್ತೆ ಶುರುವಾಯ್ತು’ ಎನ್ನುವ ಪತ್ರಗಳು ಬರುತ್ತವೆ. ಬರಲಿ.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕನ್ನಡ ರ‍್ಯಾಪ್ ಮಾಡುತ್ತಾನೆ. ಚೆನ್ನಾಗಿಯೇ ಬರೆಯುತ್ತಾನೆ. ಹೊಸ ಹಾಡು ಕೇಳಿಸಿದ. ನಡುವೆ ಒಂದು ಡ್ರಮ್ ತುಣುಕು ನುಗ್ಗಿತು. ಪೆಟ್ಟು ಒಂದಿಷ್ಟು ಮುಗ್ಗರಿಸಿದ ಹಾಗೆ ಮಾಡಿ, ಬೀಳದೆ ತಾಳಕ್ಕೆ ಬಂದು ಕೂರುತ್ತದೆ. ಕೂತಲ್ಲೇ ಕಾಲು ಕುಣಿಯಿತು.

“ಡ್ರಮ್ ಯಾರೋ ನುಡಿಸಿದ್ದು?”

“ಯಾರೂ ಇಲ್ಲ ಮಾಮ, ಲ್ಯಾಪ್‌ಟಾಪಲ್ಲೇ ಇರತ್ತೆ. ಎಳೆದು ಹಾಕೋದು ಅಷ್ಟೆ.”

ಯಾರೂ ಇಲ್ಲವಂತೆ! ಅದನ್ನು ನುಡಿಸಿದವರು ಗ್ರೆಗರಿ ಕೋಲ್‌ಮನ್. 1969ರಲ್ಲಿ ದ ವಿನ್‌ಸ್ಟನ್ಸ್ ಎಂಬ ತಂಡ ‘ಕಲರ್ ಹಿಮ್ ಫಾದರ್’ ಎಂಬ ರೆಕಾರ್ಡ್ ತಂದಿತು. ಆ ಹಾಡಿಗೆ ಗ್ರ್ಯಾಮಿ ಬಂತು. ರೆಕಾರ್ಡಿನ ಹಿಂಬದಿಗೆ ಹಾಕಿದ ವಾದ್ಯಸಂಗೀತ ‘ಅಮೆನ್, ಬ್ರದರ್’. ಅದರ ನಡುವೆ ಮಿಕ್ಕ ವಾದ್ಯಗಳೆಲ್ಲ ಸುಮ್ಮನಾಗಿ ಕೋಲ್‌ಮನ್ ಒಬ್ಬರೇ ನಾಲ್ಕು ಆವರ್ತ ನುಡಿಸುತ್ತಾರೆ, ಏಳು ಸೆಕೆಂಡಿನಷ್ಟು. ಎಂಬತ್ತರ ದಶಕದಲ್ಲಿ ಸ್ಯಾಂಪ್ಲರ್ ಯಂತ್ರ ಬಂದಾಗ ಈ ಏಳು ಸೆಕೆಂಡನ್ನು ಕತ್ತರಿಸಿ, ತಿರುಗಿಸಿ, ವೇಗ ಹೆಚ್ಚಿಸಿ ಸಾವಿರಾರು ಹಾಡುಗಳಲ್ಲಿ ಬಳಸಿದರು. ಹಿಪ್‌ಹಾಪ್‌ನವರು ಬಳಸಿದರು; ಬ್ರಿಟನ್ನಿನಲ್ಲಿ ಜಂಗಲ್ ಎಂಬ ಸಂಗೀತಪ್ರಕಾರ ಬೆಳೆದದ್ದೇ ಇದರ ಬೆನ್ನ ಮೇಲೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ‘ಪವರ್‌ಪಫ್ ಗರ್ಲ್ಸ್’ ನೋಡಿ ಬೆಳೆದ ನಮ್ಮ ಮಕ್ಕಳೂ ಅದರ ಶೀರ್ಷಿಕೆ ಸಂಗೀತದಲ್ಲಿ ಕೋಲ್‌ಮನ್ನರನ್ನು ಕೇಳಿದ್ದಾರೆ. ಕೋಲ್‌ಮನ್ನರಿಗೆ ರಾಯಲ್ಟಿಯಾಗಿ ಒಂದು ಕಾಸೂ ಬರಲಿಲ್ಲ. 2006ರಲ್ಲಿ ಅಟ್ಲಾಂಟಾದಲ್ಲಿ ತೀರಿಕೊಂಡಾಗ ಅವರಿಗೆ ಸೂರು ಇರಲಿಲ್ಲ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಹಕ್ಕುದಾರರಾಗಿದ್ದರೂ ವಿಷಯ ತಿಳಿಯುವ ಹೊತ್ತಿಗೆ ದಾವೆಯ ಗಡುವು ಮೀರಿತ್ತು. 2015ರಲ್ಲಿ ಬ್ರಿಟನ್ನಿನ ಇಬ್ಬರು ಡಿ.ಜೆ.ಗಳು ನಾಚಿಕೆಪಟ್ಟು ಚಂದಾ ಎತ್ತಿ, ಸುಮಾರು 24,000 ಪೌಂಡ್ ಅವರಿಗೆ ಕೊಟ್ಟರು. ಕಂಪನಿಗಳಲ್ಲ, ಕೇಳುಗರು ಕೊಟ್ಟ ಹಣ ಅದು. ಕೋಲ್‌ಮನ್ ತೀರಿಕೊಂಡು ಆಗಲೇ ಒಂಬತ್ತು ವರ್ಷ.

ಜೇಮ್ಸ್ ಬ್ರೌನ್ ಅವರ ‘ಫಂಕಿ ಡ್ರಮ್ಮರ್’ಗೆ ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್ ಅವರ ಪಾಡೂ ಹೆಚ್ಚುಕಡಿಮೆ ಇದೇ. ಕೊರಳಿಗೆ ಎಲೆಕ್ಟ್ರಿಕ್ ಗಿಟಾರ್ ತೂಗುಹಾಕಿಕೊಂಡು ರಾಕ್ ಅಂಡ್ ರೋಲ್‌ಗೆ ದಾರಿ ಮಾಡಿದ ಸಿಸ್ಟರ್ ರೊಸೆಟಾ ಥಾರ್ಪ್ 1973ರಲ್ಲಿ ತೀರಿಕೊಂಡರು. ಸಮಾಧಿಗೆ ದಶಕಗಳ ಕಾಲ ಒಂದು ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಅವರ ನೆನಪಾದದ್ದು 2018ರಲ್ಲಿ.

“ಹಾಡಿನ ವಿವರದಲ್ಲಿ ಕೋಲ್‌ಮನ್ ಹೆಸರು ಹಾಕು” ಎಂದೆ ಹುಡುಗನಿಗೆ.

“ಯಾರೂ ಹಾಕಲ್ಲ ಮಾಮ.”

ಯಾರೂ ಹಾಕಲ್ಲ, ನೀನು ಹಾಕು ಎಂದು ಜೋರಾಗಿಯೇ ಹೇಳಿದೆ. ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ, ಗೊತ್ತು. ಆದರೆ ಹೆಸರೇ ಇಲ್ಲದವನಿಗೆ ಬಾಕಿ ಇದೆ ಎಂದು ಯಾವ ಕಂಪನಿ ಒಪ್ಪೀತು? ಅಮೆರಿಕದ ರೆಕಾರ್ಡ್ ಕಂಪನಿಗಳು ಫೆಬ್ರವರಿ ತಿಂಗಳಿಡೀ ಕಪ್ಪು ಸಂಗೀತವನ್ನು ಕೊಂಡಾಡುತ್ತವೆ. ದೊಡ್ಡ ಬ್ರ್ಯಾಂಡುಗಳು ಜಾಹೀರಾತು ಸುರಿಯುತ್ತವೆ, ನಮ್ಮ ಚಾನೆಲ್ಲುಗಳು ಅದನ್ನೇ ತಂದು ಕನ್ನಡದ ದನಿ ಕೂಡಿಸುತ್ತವೆ. ಮಾರ್ಚ್ ಒಂದನೇ ತಾರೀಖು ಅದೇ ಕಂಪನಿಗಳು ಹಳೆಯ ಟೇಪುಗಳ ಕಡತ ಬಿಚ್ಚಿ, ನುಡಿಸಿದವರ ಮಕ್ಕಳು ಮೊಮ್ಮಕ್ಕಳನ್ನು ಹುಡುಕಿ ಬಾಕಿ ಕೊಡಲಿ. ಅದಕ್ಕೆ ದುಡ್ಡಿಲ್ಲ ಎನ್ನುವವರ ಬಳಿ ಜಾಹೀರಾತಿಗೆ ದುಡ್ಡು ಎಲ್ಲಿಂದ ಬಂತು?